ಸೆರೆಂಗೆಟಿಯ ಒಳಗೆ ಟೆಂಟಿನಲ್ಲಿ ರಾತ್ರಿ: ಹೋಗಿ ಬಂದವರು ಹೇಳಿ

ಮೈಸೂರಿನಿಂದ ಪ್ರಶ್ನೆ

ಬರುವ ಜುಲೈನಲ್ಲಿ ತಾಂಜಾನಿಯಾಕ್ಕೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ಹೆಂಡತಿ, ಆರನೇ ಕ್ಲಾಸಿನ ಮಗಳು, ಜೊತೆಗೆ ಅರವತ್ತು ದಾಟಿದ ಅಮ್ಮ. ಕಬಿನಿ, ಬಂಡೀಪುರದ ಸಫಾರಿ ನಮಗೆ ಹೊಸದಲ್ಲ, ಆದರೆ ಅಲ್ಲಿ ಸಂಜೆಯಾದರೆ ಕಾಡಿನಿಂದ ಹೊರಗೆ ಬರಲೇಬೇಕು. ಈಗ ಏಜೆಂಟ್ ಕಳಿಸಿರುವ ಪ್ಲಾನಿನಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ಒಳಗೇ, ಬೇಲಿ ಇಲ್ಲದ ಜಾಗದಲ್ಲಿ ಟೆಂಟು ಹಾಕಿ ಮಲಗುವುದಿದೆ. ಆಮೇಲೆ ಒಂದು ರಾತ್ರಿ ಗೊರೊಂಗೊರೊದಲ್ಲೂ ಟೆಂಟೇ. ಲಾಡ್ಜಿಗಿಂತ ಖರ್ಚು ಎಷ್ಟೋ ಕಡಿಮೆ. ನನಗೆ ಆಸೆ, ಹೆಂಡತಿಗೆ ಭಯ, ಅಮ್ಮ ಮಾತ್ರ "ನೀವೆಲ್ಲಿ ಮಲಗ್ತೀರೋ ನಾನೂ ಅಲ್ಲೇ" ಅಂತಿದ್ದಾರೆ. ಸಿಂಹ ಓಡಾಡುವ ಕಡೆ ಬಟ್ಟೆಯ ಟೆಂಟು ಎಷ್ಟು ಸುರಕ್ಷಿತ? ರಾತ್ರಿ ಬಾತ್‌ರೂಮಿಗೆ ಏನು ಮಾಡುವುದು? ನಾವು ಸಸ್ಯಾಹಾರಿಗಳು, ಊಟ ಹೇಗೆ? ತಿಳಿದವರು ದಯವಿಟ್ಟು ಬರೆಯಿರಿ.

ದಾರ್ ಎಸ್ ಸಲಾಮಿನಿಂದ

ಕೆಲಸದ ಮೇಲೆ ಈ ದೇಶಕ್ಕೆ ಬಂದು ನೆಲೆಸಿದವನು ನಾನು. ಊರಿಂದ ನೆಂಟರು ಬಂದರೆ ಸೆರೆಂಗೆಟಿಗೆ ಕರೆದುಕೊಂಡು ಹೋಗುತ್ತೇನೆ, ಆದಷ್ಟೂ ಟೆಂಟಿನಲ್ಲೇ ಮಲಗಿಸುತ್ತೇನೆ. ಹಾಗಾಗಿ ನನ್ನ ಮತ ಮೊದಲೇ ಹೇಳಿಬಿಡುತ್ತೇನೆ: ಹೋಗಿ, ಟೆಂಟಿನಲ್ಲೇ ಮಲಗಿ. ಆದರೆ ಎಲ್ಲಾ ರಾತ್ರಿಯೂ ಬೇಡ. ಅದಕ್ಕೆ ಕಾರಣ ಪ್ರಾಣಿಗಳಲ್ಲ, ಚಳಿ. ಮುಂದೆ ಹೇಳುತ್ತೇನೆ.

ನಿಮ್ಮ ಮನೆಯವರ ಭಯ ಸುಮ್ಮನೆ ಬಂದದ್ದಲ್ಲ. ಸಿಂಹ ಮನಸ್ಸು ಮಾಡಿದರೆ ಆ ಬಟ್ಟೆ ಯಾವ ಲೆಕ್ಕ! ಆದರೆ ಜಿಪ್ ಪೂರ್ತಿ ಎಳೆದ ಟೆಂಟು ಅದರ ಪಾಲಿಗೆ ದಾರಿಗೆ ಅಡ್ಡ ಇರುವ ಗಟ್ಟಿ ವಸ್ತು ಅಷ್ಟೇ, ಸಾಮಾನ್ಯವಾಗಿ ಪಕ್ಕದಿಂದ ಸುತ್ತಿಕೊಂಡು ಹೋಗುತ್ತದೆ. ತೊಂದರೆ ಶುರುವಾಗುವುದು ಸೆಖೆ ಅಂತ ಬಾಗಿಲು ತೆರೆದು ಮಲಗಿದಾಗ, ಒಳಗೆ ತಿಂಡಿ ಇಟ್ಟುಕೊಂಡಾಗ, ಇಲ್ಲವೇ ಕತ್ತಲಲ್ಲಿ ಒಬ್ಬರೇ ಎದ್ದು ನಡೆದಾಗ. ಅಂದರೆ ನಿಮ್ಮ ಸುರಕ್ಷತೆ ಬಟ್ಟೆಯ ದಪ್ಪದ ಮೇಲೆ ನಿಂತಿಲ್ಲ, ನಿಮ್ಮ ನಡವಳಿಕೆಯ ಮೇಲೆ ನಿಂತಿದೆ. ಆರನೇ ಕ್ಲಾಸಿನ ಹುಡುಗಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಾನು ನೋಡಿದ ಮಟ್ಟಿಗೆ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ತಿಂಡಿ ಅಂದರೆ ಬಿಸ್ಕೆಟ್ಟು, ಬಾಳೆಹಣ್ಣು, ಚೂಯಿಂಗ್ ಗಮ್, ಘಮ ಬರುವ ಟೂತ್‌ಪೇಸ್ಟೂ ಸೇರಿ, ಎಲ್ಲವೂ ರಾತ್ರಿ ಗಾಡಿಯೊಳಗೆ ಹೋಗಬೇಕು. ಚಪ್ಪಲಿ, ಶೂ ಮಾತ್ರ ಟೆಂಟಿನ ಒಳಗೆ. ಹೊರಗೆ ಬಿಟ್ಟರೆ ಕತ್ತೆಕಿರುಬ ಕಚ್ಚಿಕೊಂಡು ಹೋಗುತ್ತದೆ, ಚರ್ಮದ ಶೂ ಆದರೆ ಕೇಳುವುದೇ ಬೇಡ. ಸೆರೆಂಗೆಟಿಯ ನಡುಭಾಗವಾದ ಸೆರೊನೆರಾ ಸುತ್ತ ಇರುವ ಸಾರ್ವಜನಿಕ ಕ್ಯಾಂಪ್‌ಸೈಟುಗಳಲ್ಲಿ ಅಡುಗೆ ಮಾಡುವ, ಊಟಕ್ಕೆ ಕೂರುವ ಕಟ್ಟಡಗಳಿಗೆ ಕಬ್ಬಿಣದ ಜಾಲರಿ ಹಾಕಿರುತ್ತಾರೆ. ಮೊದಲ ಸಲ ನೋಡಿದವರಿಗೆ ವಿಚಿತ್ರ ಅನ್ನಿಸುತ್ತದೆ: ಜನ ಪಂಜರದೊಳಗೆ ಕೂತು ಸೂಪು ಕುಡಿಯುತ್ತಿರುತ್ತಾರೆ, ಕತ್ತೆಕಿರುಬ ಹೊರಗೆ ಸುತ್ತುತ್ತಿರುತ್ತದೆ.

ಬಾತ್‌ರೂಮು. ಸಾರ್ವಜನಿಕ ಸೈಟುಗಳಲ್ಲಿ ಶೌಚಾಲಯ, ಸ್ನಾನಕ್ಕೆ ಷವರ್ ಇರುತ್ತವೆ, ನೀರು ಹೆಚ್ಚಾಗಿ ತಣ್ಣಗೆ. ಟೆಂಟಿನಿಂದ ಸ್ವಲ್ಪ ದೂರ ನಡೆಯಬೇಕು. ಮಧ್ಯರಾತ್ರಿ ಎದ್ದರೆ ಕ್ರಮ ಹೀಗೆ: ಮೊದಲು ಅಲ್ಲಾಡದೆ ಕಿವಿಗೊಟ್ಟು ಕೇಳಿ. ಆಮೇಲೆ ಸೊಳ್ಳೆಪರದೆಯ ಕಿಟಕಿಯಿಂದ ಟಾರ್ಚ್ ಹಾಕಿ ನಿಧಾನವಾಗಿ ಸುತ್ತ ನೋಡಿ. ಕಣ್ಣುಗಳು ಹೊಳೆದರೆ ಜಿಪ್ ಮುಟ್ಟಬೇಡಿ. ಏನೂ ಇಲ್ಲದಿದ್ದರೂ ಒಬ್ಬರೇ ಹೋಗಬೇಡಿ, ಗೈಡನ್ನು ಕೂಗಿ ಎಬ್ಬಿಸಿ. ಅವರು ಬೇಸರಿಸುವುದಿಲ್ಲ, ಎಬ್ಬಿಸದೆ ಹೋದರೆ ಬೈಯುತ್ತಾರೆ. ಅಮ್ಮನ ವಿಷಯಕ್ಕೆ ಬಂದರೆ, ಮುಚ್ಚಳ ಇರುವ ಒಂದು ಬಕೆಟ್ಟನ್ನು ಟೆಂಟಿನೊಳಗೇ ಇಡಿ. ಸಂಕೋಚ ಪಡುವ ವಿಷಯವೇ ಅಲ್ಲ, ಇಲ್ಲಿ ಎಲ್ಲರೂ ಮಾಡುವುದು ಅದನ್ನೇ.

ಇನ್ನು ಯಾಕೆ ಟೆಂಟೇ ಬೇಕು ಅಂತ. ಸೆರೆಂಗೆಟಿ ಸುಮಾರು 14,763 ಚದರ ಕಿಲೋಮೀಟರ್. ಹಗಲು ಗಾಡಿಯಲ್ಲಿ ಕೂತು ನೋಡಿದರೆ ಸಿಗುವುದು ಅದರ ಅರ್ಧ ಅನುಭವ ಮಾತ್ರ. ಸಿಂಹದ ಗರ್ಜನೆ 8 ಕಿಲೋಮೀಟರ್‌ವರೆಗೂ ಕೇಳುತ್ತದೆ ಅನ್ನುತ್ತಾರೆ. ಹತ್ತಿರದಲ್ಲಿ ಕೂಗಿದಾಗ ಅದು ಕಿವಿಗೆ ಬರುವುದಲ್ಲ, ಬೆನ್ನ ಕೆಳಗಿನ ನೆಲದಿಂದ ಮೈಗೆ ಬರುತ್ತದೆ. ಕೂಗು ಮುಗಿಯುತ್ತಾ ಬಂದಂತೆ ಗುಟುರು ಚಿಕ್ಕದಾಗುತ್ತಾ, ಉಸಿರಿನಷ್ಟೇ ಆಗುತ್ತಾ ನಿಲ್ಲುತ್ತದೆ. ಆ ಕೊನೆಯ ಭಾಗ ದೂರದಲ್ಲಿದ್ದವರಿಗೆ ಕೇಳಿಸುವುದೇ ಇಲ್ಲ. ಒಮ್ಮೆ ಟೆಂಟಿನ ಬಟ್ಟೆಗೆ ಒರಗಿದಷ್ಟು ಹತ್ತಿರದಲ್ಲಿ ಜೀಬ್ರಾ ಹುಲ್ಲು ಹರಿಯುವ ಸದ್ದು, ಆಗಾಗ ಮೂಗಿನಿಂದ ಗಾಳಿ ಬಿಡುವ ಸದ್ದು ಕೇಳುತ್ತಾ ಬೆಳಗು ಮಾಡಿದ್ದುಂಟು. ಇದನ್ನು ಯಾವ ಲಾಡ್ಜಿನ ಗೋಡೆಯೂ ಒಳಗೆ ಬಿಡುವುದಿಲ್ಲ.

ಈಗ ಚಳಿ. ಗೊರೊಂಗೊರೊ ಅಂದರೆ ಹಿಂದೆ ಜ್ವಾಲಾಮುಖಿಯಾಗಿದ್ದ ಬೆಟ್ಟದ ತಲೆ ಕುಸಿದು ಆದ ದೊಡ್ಡ ಬೋಗುಣಿ, ಸುಮಾರು 260 ಚದರ ಕಿಲೋಮೀಟರ್ ವಿಸ್ತಾರ, 600 ಮೀಟರ್ ಆಳ. ಬೋಗುಣಿಯೊಳಗೆ ಮಲಗಲು ಬಿಡುವುದಿಲ್ಲ. ಟೆಂಟು ಹಾಕುವ ಸಿಂಬಾ ಕ್ಯಾಂಪ್‌ಸೈಟು ಮೇಲೆ ಅಂಚಿನಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ. ಜುಲೈ ಅಂದರೆ ಇಲ್ಲಿ ಚಳಿಗಾಲ, ಮಂಜು ಸುರಿಯುತ್ತಿರುತ್ತದೆ, ಗಾಳಿ ಬೇರೆ. ಏಜೆಂಟ್ ಕೊಡುವ ಸ್ಲೀಪಿಂಗ್ ಬ್ಯಾಗ್ ಸಾಲುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆ ಒಂದು ರಾತ್ರಿ ಅಮ್ಮನ ಸಲುವಾಗಿ ಕೆಳಗೆ ಕರಾಟು ಊರಲ್ಲಿ ರೂಮು ಮಾಡಿ. ಸೆರೆಂಗೆಟಿಯ ರಾತ್ರಿಗಳನ್ನು ಮಾತ್ರ ಟೆಂಟಿಗೆ ಬಿಡಿ.

ಹುಬ್ಬಳ್ಳಿಯಿಂದ

ಮ್ಯಾಲಿನವ್ರು ಹೇಳಿದ್ದು ಖರೆ ಅದ, ಆದ್ರ ರಸ್ತೆ ಸುದ್ದಿ ಯಾರೂ ಎತ್ತಲಿಲ್ಲ ನೋಡ್ರಿ. ನಾವು ನಮ್ಮ ಅತ್ತಿಯವರನ್ನ ಕರ್ಕೊಂಡು ಹೋಗಿದ್ವಿ. ಟೆಂಟಿನಾಗ ಅವರಿಗೆ ಏನೂ ತ್ರಾಸ ಆಗ್ಲಿಲ್ಲ, ನಮಗಿಂತ ಛಲೋ ನಿದ್ದಿ ಮಾಡಿದ್ರು. ತ್ರಾಸ ಆಗಿದ್ದು ಗಾಡಿಯೊಳಗ. ಸಫಾರಿ ಶುರುವಾಗೋ ಆರುಶಾ ಊರಿಂದ ಗೊರೊಂಗೊರೊ ಗೇಟಿನ ತನಕ ಡಾಂಬರು, ಅಲ್ಲಿಂದ ಮುಂದ ಸೆರೆಂಗೆಟಿ ತನಕ ಗರಸಿನ ರಸ್ತೆ. ಲ್ಯಾಂಡ್ ಕ್ರೂಸರ್ ಗಡಗಡ ನಡುಗೋದು ನಿಲ್ಲೂದೇ ಇಲ್ಲ, ಧೂಳು ಬಾಯಿ ಮೂಗಿನಾಗ. ತಾಯಿಯವರಿಗೆ ಸೊಂಟ, ಮಣಕಾಲು ನೋವು ಇದ್ರ ಮೊದಲ ಅದನ್ನ ವಿಚಾರ ಮಾಡ್ರಿ. ಸೊಂಟಕ್ಕ ಇಡಾಕ ಸಣ್ಣ ದಿಂಬು, ಮುಖಕ್ಕ ಕಟ್ಟಿಕೊಳ್ಳಾಕ ಹತ್ತಿ ಬಟ್ಟಿ ತಗೊಂಡು ಹೋಗ್ರಿ. ನೆಲದ ಮ್ಯಾಲಿನ ಹಾಸಿಗಿ ಬದಲಿ ಮಡಚೋ ಮಂಚ ಕೊಡ್ತೀರೇನು ಅಂತ ಕೇಳ್ರಿ, ಕೆಲವರು ಕೊಡ್ತಾರ. ವಯಸ್ಸಾದವರಿಗೆ ನೆಲದಿಂದ ಏಳೂದೇ ದೊಡ್ಡ ಕೆಲಸ.

ಊಟದ ಚಿಂತಿ ಬ್ಯಾಡ್ರಿ. ಗಾಡಿ ಜೋಡಿ ಅಡಗಿ ಮಾಡಾವ ಬಂದಿರ್ತಾನ. ರಾತ್ರಿ ಮೊದಲ ಬಿಸಿ ಸೂಪು, ಕುಂಬಳಕಾಯಿದೋ ಗಜ್ಜರಿದೋ, ಅದು ತಪ್ಪೂದಿಲ್ಲ. ಆಮ್ಯಾಲೆ ಅನ್ನ, ಕಾಯಿಪಲ್ಯ, ಬೀನ್ಸ್. ಚಪಾತಿ, ಚಹಾ ಆ ದೇಶದಾಗ ಮನಿಮನಿಯ ಊಟ, ಕೇಳಿದ್ರ ಸಂತೋಷದಿಂದ ಮಾಡ್ತಾರ. ಉಗಾಲಿ ಅಂತ ಮೆಕ್ಕಿಜೋಳದ ಹಿಟ್ಟಿಂದು ಮಾಡ್ತಾರ, ನಮ್ಮ ಕಡೆಯವರು ಅದನ್ನ ನೋಡಿದ ಕೂಡ್ಲೆ ಬೆಳ್ಳನ ಮುದ್ದಿ ಅಂದ್ಬಿಡ್ತಾರ. ಸೊಪ್ಪಿನ ಪಲ್ಯ ಜೋಡಿ ಮಸ್ತ್ ಆಗ್ತದ. ಒಂದು ಮಾತು ಮಾತ್ರ ಗಟ್ಟಿ ಇರ್ಲಿ: "ಮಾಂಸ ಬ್ಯಾಡ" ಅಂದ್ರ ಸಾಲೂದಿಲ್ಲ, "ಮೀನು ಬ್ಯಾಡ, ಕೋಳಿ ಬ್ಯಾಡ, ಸೂಪಿಗೆ ಮಾಂಸದ ರಸ ಹಾಕಬ್ಯಾಡ್ರಿ" ಅಂತ ಬಿಡಿಸಿ ಬರದು ಕೊಡ್ರಿ. ಶೇಂಗಾ ಚಟ್ನಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗ್ರಿ, ಆದ್ರ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಾಗ ಅಲ್ಲ. 2019ರ ಜೂನಿನಿಂದ ತಾಂಜಾನಿಯಾದಾಗ ಪ್ಲಾಸ್ಟಿಕ್ ಚೀಲ ಬಂದ್ ಅದಾವ, ಹೊರಗಿನಿಂದ ಬರೋರಿಗೂ ಅದೇ ಕಾಯ್ದೆ. ಡಬ್ಬಿ, ಬಟ್ಟಿ ಚೀಲ ತಗೋರಿ.

ಮಂಗಳೂರಿನಿಂದ

ನಾನು ವೈದ್ಯೆ, ಹೋಗಿಯೂ ಬಂದಿದ್ದೇನೆ. ಸಿಂಹಕ್ಕಿಂತ ಸೊಳ್ಳೆಗೆ ಹೆಚ್ಚು ಹೆದರಿ ಎನ್ನುತ್ತೇನೆ. ಅಲ್ಲಿಯ ಮಲೇರಿಯಾ ಬಹುಪಾಲು ಫಾಲ್ಸಿಪಾರಮ್, ಮಿದುಳಿಗೆ ಏರುವ ಜಾತಿ. ತಡೆಮಾತ್ರೆ ಬೇಕೇ ಬೇಕು. ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರು ಮಾಡಿ, ಬಂದ ಮೇಲೂ 7 ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ 4 ವಾರ. ಅದರಲ್ಲಿ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತೆರೆದ ಮಾಡಿನ ಗಾಡಿಯಲ್ಲಿ ಅದು ಕಷ್ಟ. ಯಾರಿಗೆ ಯಾವುದು ಅಂತ ನಿಮ್ಮ ಡಾಕ್ಟರ ಹತ್ತಿರ ಕೂತು ನಿರ್ಧರಿಸಿ. ಅಮ್ಮ ಬಿಪಿ, ಸಕ್ಕರೆಗೆ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ತೋರಿಸಿ. ಊರಿಗೆ ಬಂದು ಮೂರು ತಿಂಗಳೊಳಗೆ ಯಾರಿಗೆ ಜ್ವರ ಬಂದರೂ ಅದೇ ದಿನ ರಕ್ತ ಪರೀಕ್ಷೆ, ಮತ್ತು "ಆಫ್ರಿಕಾಕ್ಕೆ ಹೋಗಿದ್ದೆವು" ಅನ್ನುವುದೇ ಮೊದಲ ಮಾತಾಗಿರಲಿ.

ಹಳದಿ ಜ್ವರದ ಲಸಿಕೆ ಇನ್ನೊಂದು. ಹಳದಿ ಜ್ವರ ಇರುವ ದೇಶದಿಂದ ಬಂದವರಿಗೆ, ಅಂಥ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದು ಬಂದವರಿಗೆ ತಾಂಜಾನಿಯಾದಲ್ಲಿ ಈ ಲಸಿಕೆಯ ಕಾರ್ಡು ಕೇಳುತ್ತಾರೆ. ವಿಮಾನ ಬದಲಿಸುವ ಅಡಿಸ್ ಅಬಾಬಾ, ನೈರೋಬಿ ಎರಡೂ ಅಂಥ ದೇಶಗಳ ಪಟ್ಟಿಯಲ್ಲಿವೆ. ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಪಟ್ಟಿ ನೋಡುತ್ತಾರೆ, ಕಾರ್ಡು ಬೇಕಿದ್ದು ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕ ಇಡಬಹುದು. ಆದರೆ ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮದ ಸಾಧ್ಯತೆ, ಅಪರೂಪವಾದರೂ, ಚಿಕ್ಕವರಿಗಿಂತ ಹೆಚ್ಚು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಅಮ್ಮನ ವಿಷಯ ಡಾಕ್ಟರ ಹತ್ತಿರ ಮಾತಾಡಿ, ಗಲ್ಫ್ ಮೂಲಕ ಹೋಗುವ ವಿಮಾನವನ್ನೂ ನೋಡಿ. ಲಸಿಕೆ ಹಾಕಿಸುವುದಾದರೆ ಸರಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಕಾರ್ಡಿಗೆ ಬೆಲೆ ಬರುವುದು 10 ದಿನದ ನಂತರ.

ಬಟ್ಟೆಯ ಬಣ್ಣವೂ ಔಷಧಿಯಷ್ಟೇ ಮುಖ್ಯ. ತ್ಸೆತ್ಸೆ ನೊಣ ಹಗಲಲ್ಲಿ ಕಚ್ಚುತ್ತದೆ, ಗಾಢ ನೀಲಿ ಮತ್ತು ಕಪ್ಪು ಬಣ್ಣಕ್ಕೆ ಮುತ್ತುತ್ತದೆ, ಮೈಗೆ ಹಚ್ಚುವ ಮುಲಾಮಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅದನ್ನು ಹಿಡಿಯಲು ಕಟ್ಟುವ ಬಲೆಗಳು ನೀಲಿ ಕಪ್ಪು ಬಟ್ಟೆಯವೇ. ಮಗಳ ಜೀನ್ಸ್ ಮನೆಯಲ್ಲೇ ಇರಲಿ. ಮಣ್ಣಿನ ಬಣ್ಣದ, ತೋಳು ಮುಚ್ಚುವ ಹತ್ತಿ ಬಟ್ಟೆ ಸಾಕು.

ಜೋಹಾನ್ಸ್‌ಬರ್ಗ್‌ನಿಂದ

ಹೆಂಡತಿಯ ಭಯ ಹೋಗದಿದ್ದರೆ ಬಲವಂತ ಮಾಡಬೇಡಿ, ಬೇರೆ ದಾರಿಯಿದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ದೊಡ್ಡ ಕ್ಯಾಂಪುಗಳಿಗೆ ಬೇಲಿ ಇದೆ. ಸತಾರಾ, ಲೋವರ್ ಸಾಬಿ, ಬರ್ಗ್-ಎನ್-ಡಾಲ್‌ನಂಥ ಕಡೆ ಟೆಂಟು ಹಾಕಿ ಮಲಗಬಹುದು, ಬೇಲಿಯಾಚೆ ಕತ್ತೆಕಿರುಬ ಗಸ್ತು ತಿರುಗುವುದನ್ನು ಈಚೆ ನಿಂತು ನೋಡಬಹುದು. ಸಾಮಾನ್ಯ ಕಾರು ಬಾಡಿಗೆಗೆ ಹಿಡಿದು ನೀವೇ ಓಡಿಸಬಹುದು, ನಮ್ಮಂತೆ ಎಡಗಡೆಯೇ ಓಡಾಟ. ಡಾಂಬರಿನಲ್ಲಿ ಗಂಟೆಗೆ 50, ಮಣ್ಣುರಸ್ತೆಯಲ್ಲಿ 40 ಕಿಲೋಮೀಟರ್ ಮಿತಿ. ಜುಲೈನಲ್ಲಿ ಸಂಜೆ ಐದೂವರೆಗೆ ಗೇಟು ಮುಚ್ಚುತ್ತದೆ, ತಡವಾದರೆ ದಂಡ. ಮಲೇರಿಯಾದ ಭಯವೂ ಆಗ ಕಡಿಮೆ.

ಬೋಟ್ಸ್ವಾನಾ, ಜಿಂಬಾಬ್ವೆ ಕಡೆಗೆ ಈ ಸಲ ಯೋಚಿಸಬೇಡಿ, ಅದು ಪಳಗಿದವರಿಗೆ. ಯಾಕೆ ಅಂತ ಒಂದು ಉದಾಹರಣೆ: ಜಿಂಬಾಬ್ವೆಯ ಮಾನಾ ಪೂಲ್ಸ್ ಉದ್ಯಾನದಲ್ಲಿ ಕಿತ್ತಳೆ ಹಣ್ಣು ಒಯ್ಯುವಂತಿಲ್ಲ. ಆ ವಾಸನೆಗೆ ಆನೆ ಕಾರಿನ ಬಾಗಿಲನ್ನೇ ಕೀಳುತ್ತದೆ. ಅದೇ ಪಾಠ ಸೆರೆಂಗೆಟಿಗೂ ಸಲ್ಲುತ್ತದೆ, ಅಮ್ಮನ ಚೀಲದಲ್ಲಿ ಮೋಸಂಬಿ ಇದೆಯಾ ನೋಡಿ.

ಮೈಸೂರಿನಿಂದ, ಮತ್ತೆ

ಎಲ್ಲರಿಗೂ ತುಂಬಾ ಉಪಕಾರ. ಹೆಂಡತಿ ಇಡೀ ಓದಿ "ಬಕೆಟ್ಟು ಇದ್ದರೆ ಬರ್ತೀನಿ" ಅಂದಿದ್ದಾಳೆ. ಎರಡೇ ಪ್ರಶ್ನೆ ಉಳಿದವು. ಜುಲೈನಲ್ಲಿ ವಿಲ್ಡಬೀಸ್ಟ್ (ದನದಂತೆ ಕಾಣುವ ದೊಡ್ಡ ಹುಲ್ಲೆ) ಹಿಂಡು ನದಿ ದಾಟುವುದು ಸೆರೊನೆರಾದಲ್ಲೇ ಸಿಗುತ್ತದಾ? ಏಜೆಂಟ್ ಹತ್ತಿರ ಮತ್ತೇನು ಕೇಳಬೇಕು?

ದಾರ್ ಎಸ್ ಸಲಾಮಿನಿಂದ

ಸಿಗುವುದಿಲ್ಲ. ಹಿಂಡು ದಾಟುವ ಮಾರಾ ನದಿ ಉತ್ತರದ ತುದಿಯಲ್ಲಿದೆ, ಸೆರೊನೆರಾ ಇರುವುದು ನಡುವೆ. ಹಿಂಡು ಮಳೆ ಹಿಡಿದು ನಡೆಯುತ್ತದೆ, ವರ್ಷವರ್ಷಕ್ಕೂ ಹೆಚ್ಚುಕಡಿಮೆ ಆಗುತ್ತದೆ. ಜುಲೈನಲ್ಲಿ ಪಶ್ಚಿಮದಿಂದ ಉತ್ತರಕ್ಕೆ ಸರಿಯುತ್ತಿರುತ್ತದೆ. ನದಿ ದಾಟುವುದನ್ನೇ ನೋಡಬೇಕೆಂದರೆ ಉತ್ತರಕ್ಕೆ ಹೋಗಿ ಕಾಯಬೇಕು, ದಾರಿ ಉದ್ದ, ಅಮ್ಮನಿಗೆ ಆಯಾಸ. ನನ್ನನ್ನು ಕೇಳಿದರೆ ಸೆರೊನೆರಾದಲ್ಲೇ ಇರಿ. ಅಲ್ಲಿಯ ಸಿಂಹ, ಚಿರತೆ ವರ್ಷವಿಡೀ ಅಲ್ಲೇ ಇರುತ್ತವೆ. ನದಿಯಂಚಿನ ಹಳದಿ ತೊಗಟೆಯ ಅಕೇಶಿಯಾ ಮರಗಳ ಅಡ್ಡಕೊಂಬೆಗಳನ್ನು ನೋಡುತ್ತಾ ಹೋಗಿ, ಚಿರತೆಯ ಬಾಲ ಇಳಿಬಿದ್ದಿರುತ್ತದೆ. ವಿಲ್ಡಬೀಸ್ಟ್ ಮರಿ ಹಾಕುವ ಕಾಲ ನೋಡುವ ಆಸೆಯಿದ್ದರೆ ಅದು ಫೆಬ್ರುವರಿ ಹೊತ್ತಿಗೆ, ದಕ್ಷಿಣದ ಎನ್ಡುಟು ಬಯಲಲ್ಲಿ. ಅದು ಇನ್ನೊಂದು ಪ್ರಯಾಣ.

ಏಜೆಂಟನ್ನು ಕೇಳಬೇಕಾದದ್ದು: ಯಾವ ಕ್ಯಾಂಪ್‌ಸೈಟು ಅಂತ ಹೆಸರು ಬರೆದು ಕೊಡಲಿ. "ಸ್ಪೆಷಲ್ ಕ್ಯಾಂಪ್‌ಸೈಟ್" ಅಂದರೆ ಸೌಲಭ್ಯ ಹೆಚ್ಚು ಅಂತ ತಿಳಿಯಬೇಡಿ. ಅದು ನಿಮ್ಮೊಬ್ಬರಿಗೇ ಬಿಟ್ಟುಕೊಡುವ ಖಾಲಿ ಜಾಗ, ನೀರೂ ಇಲ್ಲ, ಶೌಚಾಲಯವೂ ಇಲ್ಲ, ಎಲ್ಲವನ್ನೂ ಹೊತ್ತೊಯ್ಯಬೇಕು. ನಿಮಗೆ ಸಾರ್ವಜನಿಕ ಸೈಟೇ ಸರಿ. ಪಾರ್ಕಿನ ಶುಲ್ಕ 24 ಗಂಟೆಯ ಲೆಕ್ಕ, ಗೊರೊಂಗೊರೊ ಕುಳಿಗೆ ಇಳಿಯಲು ಗಾಡಿಗೊಂದು ಬೇರೆ ಶುಲ್ಕ. ಇವೆಲ್ಲ ಹೇಳಿದ ಬೆಲೆಯೊಳಗಿವೆಯೇ ಅಂತ ಕೇಳಿ. ಟೆಂಟುಗಳನ್ನು ಗಾಡಿಗೆ ತೀರಾ ಹತ್ತಿರವೇ ಹಾಕಲಿ, ಅಮ್ಮ ಮತ್ತು ಮಗಳು ಒಂದೇ ಟೆಂಟಿನಲ್ಲಿ ಮಲಗಲಿ.

ಕುಳಿಯೊಳಗೆ ಮಧ್ಯಾಹ್ನ ಎನ್ಗೊಯಿಟೊಕಿಟೊಕ್ ಕೆರೆಯ ಹತ್ತಿರ ಊಟಕ್ಕೆ ನಿಲ್ಲಿಸುತ್ತಾರೆ, ನೀರಲ್ಲಿ ನೀರಾನೆಗಳಿರುತ್ತವೆ. ಅಲ್ಲಿ ಊಟದ ಡಬ್ಬಿಯನ್ನು ಗಾಡಿಯ ಒಳಗೇ ತೆರೆಯಿರಿ. ಹದ್ದುಗಳು ಮೇಲೆ ಸುತ್ತುತ್ತಿರುತ್ತವೆ, ಹಿಂದಿನಿಂದ ಎರಗಿ ಬೆರಳನ್ನೂ ಗೀರಿ ಕೈಯಲ್ಲಿರುವ ಚಪಾತಿಯನ್ನು ಕಿತ್ತುಕೊಂಡು ಹೋಗುತ್ತವೆ. ಮಗಳಿಗೆ ಮುಂಚೆಯೇ ಹೇಳಿಟ್ಟಿರಿ.