ಹಾರು, ಬೀಳು, ತೇಲು: ಗಾಳಿ ಸುರಂಗದೊಳಗೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ.

ಒಳಾಂಗಣ ಸ್ಕೈಡೈವಿಂಗ್ ಕಲಿಯಲು ಒಂದು ವಾರದ ಶಿಬಿರಕ್ಕೆ ಬರುವವರಿಗಾಗಿ ಕನ್ನಡದಲ್ಲಿ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಯಂತ್ರದ ವಿವರ, ಉಡುಪು, ಸುರಕ್ಷತೆ ಎಲ್ಲ ಸಲೀಸಾಗಿ ಮುಗಿಯಿತು. ಬರವಣಿಗೆ ನಿಂತಿರುವುದು ಒಂದು ಕ್ರಿಯಾಪದದ ಹತ್ತಿರ. ಸುರಂಗದೊಳಗೆ ಮನುಷ್ಯ ಮಾಡುವುದೇನು? ಹಾರುತ್ತಾನಾ, ತೇಲುತ್ತಾನಾ, ಬೀಳುತ್ತಾನಾ?

ಇದನ್ನು ನೋಡದವರಿಗೆ ಎರಡು ಮಾತು. ನೆಟ್ಟಗೆ ನಿಂತ ಕೊಳವೆಯಂಥ ಕೋಣೆ. ದೊಡ್ಡ ಫ್ಯಾನುಗಳ ಬಲದಿಂದ ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಕಾಲಡಿಯಲ್ಲಿ ಬಿಗಿದ ಬಲೆ, ಸುತ್ತ ಗಾಜು. ವಿಮಾನದಿಂದ ಧುಮುಕಿದವರು ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಅವರ ವೇಗ ಗಂಟೆಗೆ ಸುಮಾರು 190ರಿಂದ 200 ಕಿ.ಮೀ. ಮುಟ್ಟಿ ಅಲ್ಲೇ ನಿಲ್ಲುತ್ತದೆ. ಮೈತೂಕವೂ ಗಾಳಿಯ ತಡೆಯೂ ಅಲ್ಲಿ ಸರಿಸಮ. ಸುರಂಗದಲ್ಲಿ ಅಷ್ಟೇ ವೇಗದ ಗಾಳಿ ಮೇಲಕ್ಕೆ ಬರುವುದರಿಂದ ಆಳು ಇದ್ದಲ್ಲೇ ಇರುತ್ತಾನೆ. ಅವನ ಮೈಗೆ ಎರಡೂ ಒಂದೇ. ಗಾಜಿನಾಚೆ ನಿಂತು ನೋಡುವವರಿಗೆ ಮಾತ್ರ ಬೇರೆ. ತೊಡಕು ಶುರುವಾಗುವುದೇ ಇಲ್ಲಿ.

‘ಬೀಳು’ ಲೆಕ್ಕಕ್ಕೆ ಸರಿಯಾದ ಪದ. ಸ್ಕೈಡೈವಿಂಗ್ ಮಾಡುವವರೂ ಇದಕ್ಕೆ ‘ಫ್ರೀ ಫಾಲ್’, ಅಂದರೆ ‘ಮುಕ್ತ ಪತನ’ ಅಂತಲೇ ಅನ್ನುತ್ತಾರೆ. ನಾಲ್ವರ ತಂಡದಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ಇರಬೇಕು ಅಂದ್ರೆ ಎಲ್ಲರ ‘ಬೀಳುವ ವೇಗ’ ಒಂದೇ ಇರಬೇಕು. ಹಗುರ ಮೈಯವರು ಸೀಸದ ತೂಕ ಕಟ್ಟಿಕೊಳ್ಳುವುದು, ಭಾರದ ಮೈಯವರು ಸ್ವಲ್ಪ ದೊಗಲೆ ಉಡುಪು ತೊಡುವುದು ಇದಕ್ಕೇ. ಆದರೆ ಸುರಂಗದಲ್ಲಿ ನಿಜವಾಗಿ ಬೀಳುವವರೂ ಇದ್ದಾರಲ್ಲ! ಸಮತೋಲ ತಪ್ಪಿದರೆ ಧೊಪ್ಪನೆ ಬಲೆಯ ಮೇಲೆ. ‘ಅವನು ಬಿದ್ದ’ ಅನ್ನುವ ಮಾತು ಆ ಗಳಿಗೆಗೆ ಬೇಕೇ ಬೇಕು. ಹಾಗಾಗಿ ವೇಗದ ಮಾತು ಬಂದಾಗ ‘ಬೀಳುವ ವೇಗ’ ಇರಲಿ, ಉಳಿದ ಕಡೆ ಬೇಡ ಅಂತ ನನ್ನ ಲೆಕ್ಕ.

‘ತೇಲು’ ನೋಡಲು ಚೆನ್ನಾಗಿದೆ. ಶೀರ್ಷಿಕೆ ಬರೆಯುವವರಿಗೆ ಬಹಳ ಇಷ್ಟ. ನನಗೆ ಎರಡು ತಕರಾರು. ಒಂದು, ತೇಲುವುದಕ್ಕೆ ಏನೂ ಮಾಡಬೇಕಾಗಿಲ್ಲ, ಸುಮ್ನೆ ಇದ್ದರಾಯ್ತು. ಇಲ್ಲಿ ಇದ್ದಲ್ಲೇ ಇರುವುದೇ ಕೆಲಸ. ಮೊಣಕಾಲು ತುಸು ಚಾಚಿದರೆ ಮುಂದಕ್ಕೆ ಹೋಗುತ್ತೀರಿ, ಮಡಚಿದರೆ ಹಿಂದಕ್ಕೆ. ಎರಡನೆಯದು ಇನ್ನೂ ಮುಖ್ಯ. ತಂಡದ ಉಳಿದವರಿಗಿಂತ ಮೇಲಕ್ಕೆ ಹೋದವರಿಗೆ ತರಬೇತುದಾರರು ‘ತೇಲ್ತಾ ಇದ್ದೀಯ’ ಅನ್ನುತ್ತಾರೆ. ಅದು ಹೊಗಳಿಕೆ ಅಲ್ಲ, ಬೈಗುಳ. ಕೈಪಿಡಿಯ ಹೊದಿಕೆಯ ಮೇಲೆ ‘ತೇಲುವುದನ್ನು ಕಲಿಯಿರಿ’ ಅಂತ ಹಾಕಿ, ಒಳಗೆ ‘ತೇಲಬೇಡಿ’ ಅಂದರೆ ಹೇಗೆ?

ಉಳಿದದ್ದು ‘ಹಾರು’. ಇದಕ್ಕೆ ಕನ್ನಡದಲ್ಲಿ ಎರಡು ಮುಖ. ಹಕ್ಕಿಯೂ ಹಾರುತ್ತದೆ, ಬೇಲಿಯನ್ನೂ ಹಾರುತ್ತೇವೆ, ಬಾವಿಗೆ ಹಾರಿ ಈಜುತ್ತೇವೆ. ಬೇರೆ ಕಡೆ ಇದರಿಂದ ಯಾರಿಗೂ ತೊಂದರೆ ಆಗಿಲ್ಲ, ಸಂದರ್ಭವೇ ಹೇಳಿಬಿಡುತ್ತದೆ. ಈ ಆಟದಲ್ಲಿ ಮಾತ್ರ ಎರಡು ಅರ್ಥವೂ ಒಂದೇ ವಾಕ್ಯದಲ್ಲಿ ಡಿಕ್ಕಿ ಹೊಡೆಯುತ್ತವೆ: ‘ವಿಮಾನದಿಂದ ಹಾರುವ ಮುಂಚೆ ಸುರಂಗದಲ್ಲಿ ಹಾರಿ ಕಲಿಯಿರಿ.’ ಇದನ್ನು ಓದಿದ ಒಬ್ಬರು ‘ಸುರಂಗಕ್ಕೆ ಎಷ್ಟು ಎತ್ತರದಿಂದ ಹಾರಬೇಕು?’ ಅಂತ ಕೇಳಿದರು. ಕೇಳುವ ಮಾತೇ ಅಲ್ವಾ!

ಅದಕ್ಕೆ ಹೀಗೆ ಹಂಚಿದ್ದೇನೆ. ವಿಮಾನದಿಂದ ಆದರೆ ‘ಧುಮುಕು’, ಯಾಕೆಂದರೆ ಅದರಲ್ಲಿ ಕೆಳಮುಖದ ದಿಕ್ಕು ಸೇರಿಕೊಂಡೇ ಇದೆ. ‘ಜಿಗಿ’ಯಲ್ಲಿ ಅದಿಲ್ಲ, ಮೇಲಕ್ಕೂ ಜಿಗಿಯಬಹುದು. ಸುರಂಗದೊಳಗೆ ಆದರೆ ‘ಹಾರು’ ಮಾತ್ರ. ಇನ್ನು ಬಾಗಿಲಲ್ಲಿ? ಅಲ್ಲಿ ಧುಮುಕುವುದೂ ಇಲ್ಲ, ಜಿಗಿಯುವುದೂ ಇಲ್ಲ. ಹೊಸಬರು ಬಾಗಿಲಂಚಿಗೆ ನಿಂತು, ಕೈ ಎತ್ತಿ, ಗಲ್ಲ ಮೇಲೆ ಮಾಡಿ, ಹಾಗೇ ಮುಂದಕ್ಕೆ ಮೈ ಬಿಡುತ್ತಾರೆ. ಗಾಳಿ ಎತ್ತಿಕೊಳ್ಳುತ್ತದೆ. ಇದಕ್ಕೆ ‘ಗಾಳಿಗೆ ಒರಗು’ ಅಂತ ಬರೆದಿದ್ದೇನೆ. ‘ವಾಲು’ ಅಂದವರೂ ಇದ್ದಾರೆ. ನನಗೆ ‘ಒರಗು’ ಇಷ್ಟ. ಒರಗುವವರಿಗೆ ಎದುರಿಗೆ ಆಸರೆ ಇದೆ ಅನ್ನುವ ನಂಬಿಕೆ ಇರುತ್ತದೆ.

‘ಗಾಳಿ ಬಂದಾಗ ತೂರಿಕೋ’ ಅನ್ನುವುದು ಇಲ್ಲಿ ಅಕ್ಷರಶಃ ನಿಜ, ಬಿಡಿ. ಕಣದಲ್ಲಿ ತೂರಿದಂತೆಯೇ: ಮೈ ಮುದುಡಿದವರು ಕಾಳಿನಂತೆ ಕೆಳಗೆ, ಕೈಕಾಲು ಹರಡಿದವರು ಹೊಟ್ಟಿನಂತೆ ಮೇಲೆ. ಹಾಗಂತ ‘ತೂರು’ ಪದವನ್ನೇ ತರಲು ಧೈರ್ಯ ಸಾಲಲಿಲ್ಲ. ಈಗಿನವರಿಗೆ ‘ತೂರು’ ಅಂದರೆ ಸಂದಿಯಲ್ಲಿ ನುಗ್ಗುವುದೇ ಮೊದಲು ನೆನಪಾಗುತ್ತದೆ.

ಹಾರುವ ಭಂಗಿಗಳಿಗೆ ಪದ ಹುಡುಕಬೇಕಾಗಲಿಲ್ಲ. ಹೊಟ್ಟೆ ಕೆಳಗಾದರೆ ಬೋರಲು, ಬೆನ್ನು ಕೆಳಗಾದರೆ ಅಂಗಾತ, ತಲೆ ಕೆಳಗಾದರೆ ತಲೆಕೆಳಗು. ಇಷ್ಟು ಚುರುಕಾದ ಪದಗಳು ಮನೆಯಲ್ಲೇ ಇರುವಾಗ ಇಂಗ್ಲಿಷಿನ ಬೆನ್ನು ಹತ್ತುವುದು ಯಾಕೆ? ‘ಬೋರಲು’ ಬದಲು ‘ಕವುಚಿ’, ‘ಡಬ್ಬು’ ಅನ್ನುವವರೂ ಇದ್ದಾರೆ. ಯಾವುದು ಹೆಚ್ಚು ಜನಕ್ಕೆ ತಿಳಿಯುತ್ತದೆ ಅಂತ ದಯವಿಟ್ಟು ಹೇಳಿ.

ಶಿಬಿರದ ಹೆಸರಿನ ಬಗ್ಗೆಯೂ ಒಂದು ಮಾತು. ‘ತೀವ್ರ ತರಬೇತಿ ವಾರ’ ಅಂತ ಮೊದಲ ಕರಡಿನಲ್ಲಿತ್ತು. ಓದಿದವರಿಗೆಲ್ಲ ತೀವ್ರ ನಿಗಾ ಘಟಕವೇ ನೆನಪಾಯಿತು. ಈಗ ‘ಬಿಡುವಿಲ್ಲದ ತಾಲೀಮು’ ಅಂತ ಮಾಡಿದ್ದೇನೆ. ನಿಜಕ್ಕೂ ಬಿಡುವಿರುವುದಿಲ್ಲ. ಸುಮಾರು 4,000 ಮೀಟರ್ ಎತ್ತರದಿಂದ ಧುಮುಕಿದರೆ ಪ್ಯಾರಾಚೂಟ್ ಬಿಚ್ಚುವ ತನಕ ಸಿಗುವುದು ಒಂದು ನಿಮಿಷದ ಆಸುಪಾಸು. ಸುರಂಗದಲ್ಲಿ ಒಂದು ಗಂಟೆ ಅಂದರೆ ಹೆಚ್ಚುಕಡಿಮೆ 60 ಧುಮುಕಿನಷ್ಟು ಅಭ್ಯಾಸ. ಸಾಮಾನ್ಯವಾಗಿ ಎರಡೆರಡು ನಿಮಿಷದ ಸರದಿ. ಒಂದು ತಂಡ ಒಳಗಿದ್ದರೆ ಇನ್ನೊಂದು ಹೊರಗೆ ತನ್ನದೇ ವಿಡಿಯೊ ನೋಡುತ್ತಿರುತ್ತದೆ. ‘ಸರದಿ’ಯೇ ಸರಿ. ‘ಪಾಳಿ’ ಅಂದರೆ ಕಾರ್ಖಾನೆ ಕೆಲಸ ಅನ್ನಿಸುತ್ತದೆ. ಚಕ್ರದ ಹಲಗೆಯ ಮೇಲೆ ಬೋರಲಾಗಿ ಮಲಗಿ, ನೆಲದ ಮೇಲೆ ಉರುಳಾಡುತ್ತಾ ಮಾಡುವ ಅಭ್ಯಾಸಕ್ಕೆ ‘ನೆಲದ ತಾಲೀಮು’ ಅಂದಿದ್ದೇನೆ. ಯಾರದೂ ಆಕ್ಷೇಪ ಇರಲಿಕ್ಕಿಲ್ಲ.

‘ರ‍್ಯಾಂಡಮ್’ ಪದದ ಬಗ್ಗೆ ಒಂದು ಎಚ್ಚರಿಕೆ. ನಾಲ್ವರ ಸ್ಪರ್ಧೆಯಲ್ಲಿ, ಒಬ್ಬರನ್ನೊಬ್ಬರು ಹಿಡಿದು ಕಟ್ಟುವ 16 ಬಿಡಿ ಆಕಾರಗಳಿಗೆ ಈ ಹೆಸರು. ಎ ಇಂದ ಕ್ಯೂ ತನಕ, ಐ ಒಂದನ್ನು ಬಿಟ್ಟು, ಒಂದೊಂದಕ್ಕೂ ಒಂದು ಅಕ್ಷರ. ಎರಡು ಆಕಾರ ಜೋಡಿಯಾಗಿ ಬರುವ ‘ಬ್ಲಾಕ್’ಗಳು 22. ಸಿಗುವ 35 ಸೆಕೆಂಡಿನಲ್ಲಿ ಎಷ್ಟು ಆಕಾರ ಕಟ್ಟಿದರೋ ಅಷ್ಟು ಅಂಕ. ಒಬ್ಬರು ಇದನ್ನು ‘ಯಾದೃಚ್ಛಿಕ’ ಅಂತ ಅನುವಾದಿಸಿ ಕಳಿಸಿದ್ದರು. ಆ ಆಕಾರಗಳಲ್ಲಿ ಯಾದೃಚ್ಛಿಕವಾದದ್ದು ಏನೂ ಇಲ್ಲ, ಒಂದೊಂದು ಹಿಡಿತವೂ ನಿಯಮದಲ್ಲಿ ಗೊತ್ತುಮಾಡಿದ್ದು. ನನ್ನ ಮಟ್ಟಿಗೆ ‘ಬಿಡಿ’ ಮತ್ತು ‘ಜೋಡಿ’ ಸಾಕು.

ಈಗ ನಿಜವಾದ ಪ್ರಶ್ನೆ. ಬೋರಲು ಹಾರುವವರು ಮೊದಲು ಕಲಿಯುವುದು ಹೊಟ್ಟೆ ಕೆಳಗೆ ಬಿಟ್ಟು, ತಲೆ, ಕೈ, ಕಾಲು ಮೇಲಕ್ಕೆ ಎತ್ತಿದ ಭಂಗಿ. ಹೆಚ್ಚುಕಡಿಮೆ ಧನುರಾಸನ, ಕಾಲು ಹಿಡಿಯುವುದಿಲ್ಲ ಅಷ್ಟೆ. ಗಾಳಿ ಆಗ ಎಲ್ಲ ಕಡೆಯಿಂದ ಸಮನಾಗಿ ಜಾರಿ ಹೋಗುತ್ತದೆ, ಮೈ ಅಲ್ಲಾಡುವುದಿಲ್ಲ. ಇದಕ್ಕೆ ‘ಬಾಗು’ ಅಂದರೆ ಜನ ಮುಂದಕ್ಕೆ ಬಾಗುತ್ತಾರೆ! ಕನ್ನಡದಲ್ಲಿ ಬಾಗುವುದು ಅಂದರೆ ಮುಂದಕ್ಕೇ ತಾನೆ. ಹಾಗೆ ಮುಂದೆ ಬಾಗಿದವರನ್ನು ಗಾಳಿ ಅಂಗಾತ ಮಗುಚಿಹಾಕಬಹುದು. ‘ಸೆಟೆದುಕೋ’ ಅಂದರೆ ಮೈಯೆಲ್ಲ ಬಿಗಿ ಮಾಡಿಕೊಳ್ಳುತ್ತಾರೆ, ಅದು ಇನ್ನೂ ಕೆಡುಕು. ‘ಕಮಾನಾಗು’ ಪುಸ್ತಕದ ಮಾತು, ಬಾಯಿಗೆ ಬರುವುದಿಲ್ಲ. ಸದ್ಯಕ್ಕೆ ‘ಹೊಟ್ಟೆ ಬಿಡು’ ಅಂತ ಕೆಲಸ ಸಾಗಿಸುತ್ತಿದ್ದೇವೆ, ನಗು ತಡೆಯುವುದೇ ಕಷ್ಟ.

ಒಳಗೆ ಹೋದ ಮೇಲೆ ಗಾಳಿಯ ಆರ್ಭಟಕ್ಕೆ ಮಾತು ಕೇಳಿಸುವುದಿಲ್ಲ, ಕಿವಿಯಲ್ಲಿ ಬಿರಡೆ ಬೇರೆ. ಎಲ್ಲ ಕೈಸನ್ನೆಯಲ್ಲೇ. ಎರಡು ಬೆರಳು ನೀಟಾಗಿ ಚಾಚಿದರೆ ‘ಕಾಲು ಚಾಚು’, ಬಗ್ಗಿಸಿದರೆ ‘ಕಾಲು ಮಡಚು’, ಹೆಬ್ಬೆರಳು ಕಿರುಬೆರಳು ಬಿಡಿಸಿ ಅಲ್ಲಾಡಿಸಿದರೆ ‘ಸಡಿಲಬಿಡು’. ಸನ್ನೆ ನೋಡಿದೊಡನೆ ತಲೆಯೊಳಗೆ ಒಂದು ಮಾತು ಮೊಳಗಬೇಕು. ಆ ಮಾತನ್ನು ನೆಲದ ತಾಲೀಮಿನಲ್ಲೇ ಕೂಗಿ ಕೂಗಿ ಅಂಟಿಸಬೇಕು.

ಯೋಗ, ಕುಸ್ತಿ, ನೃತ್ಯ ಕಲಿಸುವವರು ಯಾರಾದರೂ ಇದ್ದರೆ ತಿಳಿಸಿ: ಹಿಂದಕ್ಕೆ ಬಾಗಿ ಎದೆ ಹೊಟ್ಟೆ ಮುಂದೆ ಮಾಡುವುದಕ್ಕೆ ನೀವು ಶಿಷ್ಯರಿಗೆ ಏನು ಹೇಳುತ್ತೀರಿ? ಒಂದೇ ಪದ ಬೇಕು. ಎರಡಕ್ಷರ, ಜಾಸ್ತಿ ಅಂದರೆ ಮೂರು.