ಅಮ್ಮನ ಮಂಡಿ ಆಪರೇಷನ್ ಆಯ್ತು, ನೋವಿಗೆ ನೀವೇನು ಮಾಡಿದಿರಿ?

ಅಮ್ಮನಿಗೆ 74 ವರ್ಷ. ಬಲಮಂಡಿ ಬದಲಿಸಿ ಕಳೆದ ವಾರ ಮನೆಗೆ ಕರೆತಂದೆವು. ರಾತ್ರಿ ನಿದ್ದೆಯಿಲ್ಲ. ಫಿಸಿಯೋದವರು ಬಂದರೆ ಕಣ್ಣೀರು. ಕಿಡ್ನಿ ಹಾಳಾಗುತ್ತೆ ಅಂತ ಮಾತ್ರೆ ನುಂಗಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1
ನಮ್ಮತ್ತೆಯವರೂ ಹೀಗೇ ಇದ್ದರು. ‘ತಡೆಯೋಕಾಗದಿದ್ರೆ ತಗೋತೀನಿ’ ಅನ್ನೋರು. ನೋವು ಏರಿದ ಮೇಲೆ ಮಾತ್ರೆ ಕೊಟ್ಟರೆ ಇಳಿಯೋದಕ್ಕೆ ತುಂಬಾ ಹೊತ್ತು ಹಿಡಿಯುತ್ತಿತ್ತು. ನೋವಿರಲಿ ಬಿಡಲಿ, ಪ್ಯಾರಾಸಿಟಮಾಲ್ ಹೊತ್ತುಹೊತ್ತಿಗೆ ಕೊಡಿ ಅಂದರು ಡಾಕ್ಟರು. ಫಿಸಿಯೋ ಬರುವ ಮುಕ್ಕಾಲು ಗಂಟೆ ಮುಂಚೆ ಒಂದು ಡೋಸ್ ಬೀಳುವ ಹಾಗೆ ಹೊಂದಿಸಿಕೊಂಡೆವು. ಮುಗಿದ ಮೇಲೆ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡುತ್ತಿದ್ದೆವು. ಅಳುತ್ತಿದ್ದವರು ‘ಇನ್ನೊಂದ್ಸಲ ಮಡಚಲಾ?’ ಅಂತ ತಾವೇ ಕೇಳೋಕೆ ಶುರು ಮಾಡಿದರು.

ಉತ್ತರ 2
ನಾನು ಮೂಳೆ ವಾರ್ಡಿನಲ್ಲಿ ನರ್ಸ್. ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ವಯಸ್ಸಾದವರ ಕಿಡ್ನಿಗೂ ಹೊಟ್ಟೆಗೂ ತೊಂದರೆ ಕೊಡಬಹುದು, ಬಿಪಿ ಮಾತ್ರೆ ತಗೊಳ್ಳುವವರಿಗೆ ಇನ್ನೂ ಜಾಸ್ತಿ. ಪ್ಯಾರಾಸಿಟಮಾಲ್ ಆ ಗುಂಪಿನದಲ್ಲ. ಅದು ಅತಿಯಾದರೆ ಪೆಟ್ಟು ಬೀಳೋದು ಲಿವರಿಗೆ. ಇದನ್ನು ಬಿಡಿಸಿ ಹೇಳಿ, ಒಪ್ಪುತ್ತಾರೆ. ಆದರೆ ಚೀಟಿ ಸರಿಯಾಗಿ ನೋಡಿ: ಡೋಲೋ 650ರಲ್ಲೂ ಪ್ಯಾರಾಸಿಟಮಾಲ್, ಅಲ್ಟ್ರಾಸೆಟ್‌ನಲ್ಲೂ ಪ್ಯಾರಾಸಿಟಮಾಲ್. ಎರಡನ್ನೂ ಕೊಟ್ಟು ಗೊತ್ತಿಲ್ಲದೆ ಡೋಸ್ ಮೀರಿಸುವವರು ಬಹಳ. ದಿನಕ್ಕೆ ಒಟ್ಟು ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಅನ್ನುವ ಇನ್ನೂ ಜೋರಾದ ನೋವಿನ ಔಷಧಿ ಕೂಡ ಇದೆ. ವಯಸ್ಸಾದವರಿಗೆ ಅದರಿಂದ ತಲೆಸುತ್ತು, ವಾಂತಿ, ಮಲಬದ್ಧತೆ ಬರಬಹುದು. ಕೆಲವರು ರಾತ್ರಿ ಏನೇನೋ ಮಾತಾಡುತ್ತಾರೆ, ಮಗಳ ಗುರುತೇ ಹಿಡಿಯಲ್ಲ. ಹಾಗಾದರೆ ‘ವಯಸ್ಸಾಯ್ತು’ ಅಂತ ಬಿಡಬೇಡಿ, ತಕ್ಷಣ ಫೋನ್ ಮಾಡಿ. ಬಾತ್‌ರೂಮಿಗೆ ಒಬ್ಬರನ್ನೇ ಕಳಿಸಬೇಡಿ.

ಇನ್ನೊಂದು ವಿಷಯ. ಮಲಗಿದ್ದಾಗ ‘ನೋವಿದೆಯಾ?’ ಅಂದರೆ ‘ಇಲ್ಲಮ್ಮ’ ಅಂತಾರೆ. ಎದ್ದು ನಿಂತಾಗ ಕೇಳಿ. ಆಗ ಮುಖವೇ ಹೇಳುತ್ತೆ.

ಉತ್ತರ 3
ಮಂಡಿ ಕೆಳಗೆ ದಿಂಬು ಇಡುತ್ತಿದ್ದೀರಾ? ಹಾಯೆನಿಸುತ್ತೆ ನಿಜ, ಆದರೆ ಕಾಲು ನೆಟ್ಟಗಾಗೋದು ಕಷ್ಟವಾಗುತ್ತೆ. ಹಿಮ್ಮಡಿ ಕೆಳಗೆ ಇಡೋಕೆ ನಮಗೆ ಹೇಳಿದ್ದರು.

ಉತ್ತರ 2 ಬರೆದವರಿಂದ ಮತ್ತೆ
ಹೌದು, ಅದು ಸರಿ. ಎಣ್ಣೆ ಹಚ್ಚಿ ಮೀನಖಂಡ ತಿಕ್ಕೋದು ಮಾತ್ರ ಬೇಡ. ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ಜ್ವರ, ಗಾಯದಿಂದ ಕೀವು, ಕಡಿಮೆಯಾಗುತ್ತಿದ್ದ ನೋವು ಇದ್ದಕ್ಕಿದ್ದಂತೆ ಏರಿದ್ದು, ಇವಕ್ಕೂ ಕಾಯಬೇಡಿ. ಎದೆನೋವು, ಉಸಿರಾಟದ ತೊಂದರೆ ಕಂಡರೆ ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.