ಬೇಸ್‌ಮೆಂಟ್ ಗೋಡೆ ಮೇಲ್ಗಡೆನೇ ಜಾಸ್ತಿ ತಣ್ಣಗಿರೋದು ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಮಿನಿಯಾಪೊಲಿಸ್ ಹತ್ರ ಮನೆ ತಗೊಂಡ ಮೇಲೆ ಇದು ಮೊದಲ ಚಳಿಗಾಲ. ಬೇಸ್‌ಮೆಂಟ್ ಗೋಡೆ ಬರೀ 8 ಇಂಚು ಕಾಂಕ್ರೀಟ್. ಸೀಲಿಂಗ್ ಹತ್ರ ಕೈ ಇಟ್ರೆ ಕೊರೆಯುತ್ತೆ, ನೆಲದ ಹತ್ರ ಅಷ್ಟಿಲ್ಲ. ಮೇಲಿನ 4 ಅಡಿಗೆ ಮಾತ್ರ ಇನ್ಸುಲೇಶನ್ (ಶಾಖ ತಡೆಯೋ ಪದರ) ಹಾಕಿದ್ರೆ ಸಾಕಾ? ಕಂಟ್ರಾಕ್ಟರ್ ಫೈಬರ್‌ಗ್ಲಾಸ್ (ಹತ್ತಿಯಂಥ ಗಾಜಿನ ನಾರು) ತುಂಬೋಣ ಅಂತಿದಾರೆ.

ಉತ್ತರ: ಮನೆಗಳ ಎನರ್ಜಿ ಆಡಿಟ್ ನನ್ನ ಕೆಲಸ. ನಿಮ್ಮ ಕೈ ಹೇಳ್ತಿರೋದು ಸರಿ. ಗೋಡೆ ದಾಟಿದ ಶಾಖ ಮಣ್ಣಲ್ಲೇ ಇಂಗಿಹೋಗಲ್ಲ, ಬಿಲ್ಲಿನ ಥರ ಬಾಗಿ ಮೇಲಿನ ಅಂಗಳಕ್ಕೆ ಬರುತ್ತೆ. ಹೊರಗಿನ ನೆಲಮಟ್ಟದಿಂದ ಅರ್ಧ ಅಡಿ ಕೆಳಗೆ ಆ ದಾರಿ ಹೆಚ್ಚುಕಮ್ಮಿ ಒಂದು ಗೇಣು. 6 ಅಡಿ ಕೆಳಗೆ 9 ಅಡಿಗೂ ಮೇಲೆ. ಮಣ್ಣು ಒಳ್ಳೇ ಇನ್ಸುಲೇಶನ್ ಏನಲ್ಲ, ಆದ್ರೆ 9 ಅಡಿ ಮಣ್ಣು ಅಂದ್ರೆ ತಮಾಷೆ ಅಲ್ಲ. ಹೊರಗಿನ ನೆಲದಿಂದ ಮೇಲೆ ಕಾಣೋ ಗೋಡೆಗೆ ಅದೂ ಇಲ್ಲ. ಶಾಖ ತಡೆಯೋ ಶಕ್ತಿನ ‘ಆರ್’ ಅನ್ನೋ ಅಳತೇಲಿ ಹೇಳ್ತಾರೆ, ಜಾಸ್ತಿ ಇದ್ದಷ್ಟೂ ಒಳ್ಳೇದು. 8 ಇಂಚು ಕಾಂಕ್ರೀಟಿಗೆ ಆರ್-1ರ ಆಸುಪಾಸು. ಎಕ್ಸ್‌ಪಿಎಸ್ ಅನ್ನೋ ಗಟ್ಟಿ ಫೋಮ್ ಬೋರ್ಡಿಗೆ ಒಂದೇ ಇಂಚಿಗೆ ಆರ್-5!

ಇನ್ನೊಂದು ಮಜಾ ಇದೆ. ಮೇಲಿನ ಚಳಿ ಮಣ್ಣಲ್ಲಿ 6 ಅಡಿ ಇಳಿಯೋಕೆ ಒಂದೂವರೆ-ಎರಡು ತಿಂಗಳು ಬೇಕು. ಜನವರಿ ಚಳಿ ಗೋಡೆಯ ಬುಡಕ್ಕೆ ಮುಟ್ಟೋದು ಮಾರ್ಚಲ್ಲಿ.

ಹಾಗಂತ 4 ಅಡಿಗೆ ನಿಲ್ಲಿಸಬೇಡಿ. ಕೆಳಗಿನ ಬರಿ ಗೋಡೆಗೆ ನುಗ್ಗಿದ ಶಾಖ ಕಾಂಕ್ರೀಟಿನೊಳಗೇ ಮೇಲಕ್ಕೆ ಹತ್ತಿ, ನೀವು ಹಾಕಿದ ಫೋಮಿನ ಬೆನ್ನ ಹಿಂದಿಂದ ಆಚೆ ಹೋಗುತ್ತೆ. ನಾನಾದ್ರೆ ಪೂರ್ತಿ ಎತ್ತರಕ್ಕೆ ಹಾಕಿಸ್ತೀನಿ.

ಫೈಬರ್‌ಗ್ಲಾಸ್ ಬೇಡ. ಅದರೊಳಗೆ ಗಾಳಿ ಆಡುತ್ತೆ, ರೂಮಿನ ತೇವ ತಣ್ಣನೆ ಕಾಂಕ್ರೀಟಿಗೆ ತಾಗಿ ನೀರಾಗುತ್ತೆ. 2 ಇಂಚು ಫೋಮ್ ಬೋರ್ಡನ್ನ ನೇರ ಕಾಂಕ್ರೀಟಿಗೇ ಅಂಟಿಸಿ, ಸಂದಿಗೆಲ್ಲ ಟೇಪ್ ಹೊಡೆಸಿ, ಮುಂದೆ ಡ್ರೈವಾಲ್ (ಜಿಪ್ಸಮ್ ಹಲಗೆ). ಬೆಂಕಿ ಭಯಕ್ಕೆ ಫೋಮ್ ಬರಿದಾಗಿ ಬಿಡೋ ಹಾಗಿಲ್ಲ. ಗೋಡೇಲಿ ನೀರು ಜಿನುಗ್ತಿದ್ರೆ ಮಾತ್ರ ಮೊದಲು ಅದನ್ನ ರಿಪೇರಿ ಮಾಡಿಸಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮನೇಲಿ ಉಲ್ಟಾ. ಜುಲೈಲಿ ಬೇಸ್‌ಮೆಂಟ್ ಗೋಡೆಗೆ ಒರಗಿಸಿಟ್ಟ ಸೋನಾ ಮಸೂರಿ ಚೀಲದ ಹಿಂಭಾಗ ಒದ್ದೆ, ಬೂಷ್ಟು ಬೇರೆ. ಗೋಡೇಲಿ ಲೀಕ್ ಇದೆ ಅಂತ ಅಮ್ಮನ ವಾದ.

ಉತ್ತರ: ಇರಬಹುದು, ನೋಡೇಬಿಡಿ ಮೇಡಂ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೇನ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ನೀರು ಕಂಡ್ರೆ ಗೋಡೆಯೊಳಗಿಂದ ಬರ್ತಿದೆ, ಅಮ್ಮ ಗೆದ್ದರು. ಹೊರಮೈ ಮಾತ್ರ ಬೆವರಿದ್ರೆ ಅದು ಬೇಸಿಗೆ ಗಾಳಿಯ ತೇವ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ) ಸಾಕು. ಅಕ್ಕಿ ಚೀಲ ಮಾತ್ರ ಇವತ್ತೇ ಮೇಲೆ ತನ್ನಿ.